ಗಾಡಿ ತಾನೇ ಓಡಿದರೆ ಗುನ್ನೆ ಯಾರ ಮೇಲೆ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ, ಯಾವ ಊರಿನ ಠಾಣೆಗೆ ಬೇಕಾದರೂ ಹೋಗಿ ನೋಡಿ. ರಸ್ತೆ ಅಪಘಾತದ ಫಿರ್ಯಾದಿಯ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಆರೋಪಿತನು ತಾನು ನಡೆಸುತ್ತಿದ್ದ ವಾಹನವನ್ನು ಅತೀ ಜೋರಿನಿಂದ ಹಾಗೂ ನಿಷ್ಕಾಳಜಿತನದಿಂದ ನಡೆಸಿಕೊಂಡು ಬಂದು ಅಪಘಾತಪಡಿಸಿ... ಹೀಗೆ ಸಾಗುತ್ತದೆ. ಊರು ಬದಲಾಗುತ್ತದೆ, ಗಾಡಿ ನಂಬರು ಬದಲಾಗುತ್ತದೆ, ಸತ್ತವನ ಹೆಸರು ಬದಲಾಗುತ್ತದೆ. ವಾಕ್ಯ ಮಾತ್ರ ಅದೇ. ಬರೆಯುವ ಹವಾಲ್ದಾರರಿಗೆ ಅದು ಬಾಯಿಪಾಠ.

ಆ ವಾಕ್ಯದ ಮೊದಲ ಶಬ್ದ 'ಆರೋಪಿತನು'. ಅಂದರೆ ಡ್ರೈವರ್. ಸೀಟಿನಲ್ಲಿ ಡ್ರೈವರನೇ ಇಲ್ಲದ ಗಾಡಿ ಬಂದು ಸೈಕಲ್ಲಿನವನಿಗೆ ಹೊಡೆದರೆ ಹವಾಲ್ದಾರರು ಆ ಮೊದಲ ಶಬ್ದದ ಜಾಗದಲ್ಲಿ ಏನು ಬರೆಯಬೇಕು? ಗಾಡಿ ಕೊಂಡ ಸಾಹುಕಾರನ ಹೆಸರೇ? ಗಾಡಿ ಮಾಡಿದ ಕಂಪನಿಯ ಹೆಸರೇ? ಎಲ್ಲೋ ಕೂತು ಅದರ ಕಂಪ್ಯೂಟರಿಗೆ ಬುದ್ಧಿ ಕಲಿಸಿದ ಇಂಜಿನಿಯರನ ಹೆಸರೇ?

ಚಹಾದಂಗಡಿಯಲ್ಲಿ ಈ ಮಾತು ತೆಗೆದರೆ ಮಂದಿ ನಕ್ಕಾರು. 'ಡ್ರೈವರ್ ಇದ್ದಾಗನ ಹಾದಿ ಮ್ಯಾಲ ಜೀವಕ್ಕ ಖಾತ್ರಿ ಇಲ್ಲ, ಇಲ್ಲದಿದ್ದರ ಏನು ಹೆಚ್ಚು ಕಡಿಮಿ ಆದೀತು' ಎಂದಾರು. ನಗುವುದರಲ್ಲಿ ಅರ್ಥವಿದೆ. ಆದರೆ ಪ್ರಶ್ನೆ ಹುಚ್ಚು ಪ್ರಶ್ನೆಯಲ್ಲ.

ಅರ್ಧ ದಾರಿ ಬಂದಾಗಿದೆ

ಪೂರ್ತಿ ಚಾಲಕನಿಲ್ಲದ ಕಾರು ಈ ಜಿಲ್ಲೆಯ ರಸ್ತೆಯಲ್ಲಿ ಇಲ್ಲ, ನಿಜ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೇ ಇಂಥ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲ ಎಂದಿದ್ದರು. 2023ರ ಡಿಸೆಂಬರಿನಲ್ಲಿ ಮತ್ತೆ ಅದನ್ನೇ ಹೇಳಿದರು. ಅವರು ಕೊಟ್ಟ ಕಾರಣ ಡ್ರೈವರುಗಳ ಹೊಟ್ಟೆಪಾಡು. ಸೈಕಲ್ಲಿನವನ ಜೀವದ ಮಾತು ಆ ಲೆಕ್ಕದಲ್ಲಿ ಮುಂದೆ ಬರಲಿಲ್ಲ.

ಇತ್ತ ಸಚಿವರು ಬೇಡ ಎನ್ನುತ್ತಿದ್ದರೆ ಅತ್ತ ಬೆಂಗಳೂರಿನಲ್ಲಿ ಕೆಲಸ ನಡೆದೇ ಇದೆ. 2023ರಲ್ಲಿ ಅಲ್ಲಿನ ಮೈನಸ್ ಝೀರೋ ಎಂಬ ಕಂಪನಿ ಸ್ಟಿಯರಿಂಗ್ ಇಲ್ಲದ ಗಾಡಿಯೊಂದನ್ನು ತೋರಿಸಿತು. 2025ರಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜು ಕೂಡಿ ಮಾಡಿದ ಚಾಲಕರಹಿತ ಕಾರಿನ ಮಾದರಿ ಕಾಲೇಜಿನ ಆವರಣದಲ್ಲಿ ಓಡಿತು. ಕಾಯಿದೆಯಲ್ಲೂ ಕಿಂಡಿ ಇದೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ಮಾಡಿದಾಗ '2ಬಿ' ಎಂಬ ಕಲಮು ಸೇರಿಸಿದರು. ಹೊಸ ಸಂಶೋಧನೆಗೆ ಉತ್ತೇಜನ ಕೊಡುವ ಸಲುವಾಗಿ ಕೆಲವು ಬಗೆಯ ವಾಹನಗಳಿಗೆ ಕೇಂದ್ರ ಸರಕಾರ ಕಾಯಿದೆಯಿಂದಲೇ ವಿನಾಯಿತಿ ಕೊಡಬಹುದು ಎಂದು ಅದರಲ್ಲಿದೆ. ಬಾಗಿಲು ಹಾಕಿದೆ, ಚಿಲಕ ಹಾಕಿಲ್ಲ.

ಅದಕ್ಕಿಂತ ದೊಡ್ಡ ಮಾತು ಬೇರೆ. ಅರ್ಧ ತಾನೇ ಓಡುವ ಕಾರು ಆಗಲೇ ಇಲ್ಲಿ ಬಂದಾಗಿದೆ. 2020-21ರಿಂದೀಚೆಗೆ ದೇಶದ ಮಾರುಕಟ್ಟೆಗೆ ಬಂದ ಅನೇಕ ಕಾರುಗಳಲ್ಲಿ 'ಎಡಾಸ್' ಎಂಬ ವ್ಯವಸ್ಥೆ ಇದೆ. ಮುಂದಿನ ಗಾಡಿಯಿಂದ ಅಂತರ ಕಾಯುವುದು, ಅಡ್ಡ ಬಂದರೆ ತಾನೇ ಬ್ರೇಕು ಹಾಕುವುದು, ಬಿಳಿ ಗೆರೆಯ ನಡುವೆ ಸ್ಟಿಯರಿಂಗ್ ಹಿಡಿದು ಸಾಗುವುದು, ಇವೆಲ್ಲ ಅದರ ಕೆಲಸ. ಹೊಸಪೇಟೆ ಕಡೆಯಿಂದ ಕುಷ್ಟಗಿ ದಾಟಿ ಇಳಕಲ್ಲ, ಹುನಗುಂದಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 50 ಚತುಷ್ಪಥ ರಸ್ತೆ. ಬೆಂಗಳೂರಿನಿಂದ ಐಹೊಳೆ, ಪಟ್ಟದಕಲ್ಲು, ಬಾದಾಮಿ ನೋಡಲು ಬರುವ ದೊಡ್ಡ ಕಾರುಗಳು ಈ ರಸ್ತೆ ಹಿಡಿಯುತ್ತವೆ. ಇಂಥ ನೇರ ರಸ್ತೆಯಲ್ಲಿ ಗುಂಡಿ ಒತ್ತಿ, ಕಾಲು ಸಡಿಲ ಬಿಟ್ಟು ಕೂಡುವ ಚಟ ಹಿಡಿಯಲು ತಡವಾಗುವುದಿಲ್ಲ. ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಮಾತ್ರ 'ಎಲ್ಲ ಜವಾಬ್ದಾರಿ ಚಾಲಕನದು' ಎಂಬ ಅರ್ಥದ ಮಾತು ಇದ್ದೇ ಇರುತ್ತದೆ. ಜಾಹೀರಾತಿನಲ್ಲಿ ಗಾಡಿಯೇ ಜಾಣ. ಅಪಘಾತವಾದರೆ ಡ್ರೈವರನೇ ದಡ್ಡ.

ದೊಡ್ಡ ವಾಹನಗಳ ಸರದಿಯೂ ಬರುತ್ತಿದೆ. ಬಸ್ಸು, ಲಾರಿಗಳಿಗೆ ತಾನೇ ಬ್ರೇಕು ಹಾಕುವ, ಡ್ರೈವರ್ ತೂಕಡಿಸಿದರೆ ಎಚ್ಚರಿಸುವ ಉಪಕರಣ ಕಡ್ಡಾಯ ಮಾಡುವ ಕರಡು ಅಧಿಸೂಚನೆಯನ್ನು ಕೇಂದ್ರ 2025ರ ಮಾರ್ಚಿನಲ್ಲಿ ಹೊರಡಿಸಿತು. ಒಳ್ಳೆಯದೇ. ಆದರೆ ಯಂತ್ರ ಬ್ರೇಕು ಹಾಕಬೇಕಾದಾಗ ಹಾಕದಿದ್ದರೆ ಯಾರನ್ನು ಹಿಡಿಯಬೇಕು? ಇದಕ್ಕೆ ಉತ್ತರ ಹುಡುಕುವ ಮುಂಚೆ, ಇಂಥದು ನಿಜವಾಗಿ ನಡೆದು ಕೋರ್ಟಿನ ತನಕ ಹೋದ ಒಂದು ಪ್ರಕರಣ ನೋಡುವುದು ಲೇಸು. ನಡೆದದ್ದು ಅಮೆರಿಕದಲ್ಲಿ. ಸತ್ತಾಕೆಯ ಕೈಯಲ್ಲಿದ್ದದ್ದು ಮಾತ್ರ ಒಂದು ಸೈಕಲ್.

ಕಂಡಿತು, ನಿಲ್ಲಲಿಲ್ಲ

2018ರ ಮಾರ್ಚ್ 18. ರಾತ್ರಿ ಹತ್ತು ಗಂಟೆಯ ಸುಮಾರು. ಅರಿಜೋನಾ ರಾಜ್ಯದ ಟೆಂಪಿ ಎಂಬ ಊರು. 49 ವಯಸ್ಸಿನ, ಮನೆಮಾರಿಲ್ಲದ ಹೆಂಗಸೊಬ್ಬಳು ಸೈಕಲ್ಲಿಗೆ ಚೀಲಗಳನ್ನು ತೂಗುಹಾಕಿಕೊಂಡು, ಅದನ್ನು ತಳ್ಳುತ್ತ ಅಗಲವಾದ ರಸ್ತೆ ದಾಟುತ್ತಿದ್ದಳು. ಉಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ವೋಲ್ವೊ ಕಾರು ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಬಂದು ಹೊಡೆಯಿತು. ಆಕೆ ಸತ್ತಳು. ತಾನೇ ಓಡುವ ಕಾರಿನಿಂದ ಪಾದಚಾರಿಯೊಬ್ಬರು ಸತ್ತ ಮೊದಲ ಪ್ರಕರಣ ಎಂದು ಅದು ಜಗತ್ತಿಗೆಲ್ಲ ಗೊತ್ತಾಯಿತು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ತನಿಖೆ ಮಾಡಿತು. ಹೊರಬಿದ್ದ ಸಂಗತಿ ಓದಿದರೆ ಮೈ ಜುಂ ಎನ್ನುತ್ತದೆ. ಕಾರಿಗೆ ಆಕೆ ಕಾಣಲಿಲ್ಲ ಎಂದಲ್ಲ. ಹೊಡೆಯುವ 5.6 ಸೆಕೆಂಡು ಮೊದಲೇ ಕಂಡಿದ್ದಳು. ಆ ವೇಗದಲ್ಲಿ ಅಷ್ಟು ಹೊತ್ತೆಂದರೆ ಸುಮಾರು 100 ಮೀಟರ್ ದೂರ. ಗಾಡಿ ನಿಲ್ಲಿಸಲು ಅದರ ಅರ್ಧ ಸಾಕಿತ್ತು. ಆದರೆ ಎದುರಿಗಿರುವುದು ಏನೆಂದು ಕಂಪ್ಯೂಟರಿಗೆ ತೀರ್ಮಾನವಾಗಲಿಲ್ಲ. ಒಮ್ಮೆ ವಾಹನ ಎಂದಿತು, ಒಮ್ಮೆ 'ಬೇರೆ ಏನೋ' ಎಂದಿತು, ಒಮ್ಮೆ ಸೈಕಲ್ ಎಂದಿತು. ಹೆಸರು ಬದಲಾದಾಗಲೆಲ್ಲ ಅದು ಎತ್ತ ಸಾಗುತ್ತಿದೆ ಎಂಬ ಹಿಂದಿನ ಲೆಕ್ಕ ಕೈಬಿಟ್ಟು ಹೊಸದಾಗಿ ಶುರು ಮಾಡಿತು. ಪಟ್ಟೆ ಬಳಿದ ಜಾಗ ಬಿಟ್ಟು ಬೇರೆ ಕಡೆಯೂ ಮನುಷ್ಯರು ರಸ್ತೆ ದಾಟುತ್ತಾರೆ ಎಂಬುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಇನ್ನೂ ಕೇಳಿ. ವೋಲ್ವೊ ಕಂಪನಿ ಕಾರಿನಲ್ಲೇ ಇಟ್ಟಿದ್ದ ತುರ್ತು ಬ್ರೇಕನ್ನು, ಕಂಪ್ಯೂಟರ್ ಓಡಿಸುವಾಗ ಕೆಲಸ ಮಾಡದಂತೆ ಉಬರ್ ಬಂದ್ ಮಾಡಿತ್ತು. ಮೊದಲು ಕಾರಿನಲ್ಲಿ ಇಬ್ಬರು ನೌಕರರು ಇರುತ್ತಿದ್ದರು, ಆಮೇಲೆ ಒಬ್ಬರಿಗೆ ಇಳಿಸಿತ್ತು. ಉಳಿದ ಆ ಒಬ್ಬ ನೌಕರಳು ರಸ್ತೆ ನೋಡುತ್ತಿರಲಿಲ್ಲ. ಆಕೆಯ ಮೊಬೈಲಿನಲ್ಲಿ ಟಿವಿ ಕಾರ್ಯಕ್ರಮ ಓಡುತ್ತಿತ್ತು ಎಂದು ಪೊಲೀಸರು ಹೇಳಿದರು. ರಸ್ತೆಯ ನಡುವಿನ ಡಿವೈಡರಿನಲ್ಲಿ ಇಟ್ಟಿಗೆ ಹಾಸಿದ ಕಾಲುದಾರಿಯಂಥದು ಇತ್ತು, ಪಕ್ಕದಲ್ಲೇ 'ಇಲ್ಲಿ ದಾಟಬೇಡಿ' ಎಂಬ ಬೋರ್ಡೂ ಇತ್ತು. ದಾರಿ ಕರೆಯುತ್ತಿತ್ತು, ಬೋರ್ಡು ತಡೆಯುತ್ತಿತ್ತು.

ಶಿಕ್ಷೆಯ ಲೆಕ್ಕ ಹೀಗಿದೆ. ಮನೆಯವರೊಂದಿಗೆ ಕಂಪನಿ ಎರಡು ವಾರದೊಳಗೆ ರಾಜಿ ಮಾಡಿಕೊಂಡಿತು. ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲ ಎಂದು 2019ರ ಮಾರ್ಚಿನಲ್ಲಿ ಸರಕಾರಿ ವಕೀಲರು ಹೇಳಿದರು. ಕೇಸು ಬಿದ್ದದ್ದು ಸೀಟಿನಲ್ಲಿ ಕೂತಿದ್ದ ನೌಕರಳ ಮೇಲೆ, 2020ರಲ್ಲಿ. ಆಕೆ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷ ನಿಗಾದಲ್ಲಿರುವ ಶಿಕ್ಷೆ ಪಡೆದಳು. ಉಬರ್ ಈ ಇಡೀ ವಿಭಾಗವನ್ನೇ 2020ರ ಡಿಸೆಂಬರಿನಲ್ಲಿ ಬೇರೊಂದು ಕಂಪನಿಗೆ ಮಾರಿ ಕೈತೊಳೆದುಕೊಂಡಿತು. ನೌಕರಳದು ತಪ್ಪಿಲ್ಲ ಎಂದು ಯಾರೂ ಹೇಳುವುದಿಲ್ಲ. ಆದರೆ ಬ್ರೇಕು ಬಂದ್ ಮಾಡಿದವರ ಹೆಸರಿನಲ್ಲಿ ಒಂದು ಗುನ್ನೆಯೂ ಇಲ್ಲ.

ಈ ಲೆಕ್ಕ ಎಲ್ಲೋ ನೋಡಿದಂತಿದೆಯಲ್ಲ? ಇಲ್ಲಿ ಕಲ್ಲು ಸಾಗಿಸುವ ಲಾರಿ ಹೊಡೆದರೆ ಡ್ರೈವರ್ ಒಳಗೆ. ಅಳತೆ ಮೀರಿ ಭಾರ ಹೇರಿಸಿದವನು, ಮೂರು ರಾತ್ರಿ ನಿದ್ದೆ ಬಿಡಿಸಿ ಓಡಿಸಿದವನು, ಸವೆದ ಟಾಯರ್ ಬದಲಿಸದವನು ಹೊರಗೆ. ಯಂತ್ರ ಬಂದರೂ ಪದ್ಧತಿ ಬದಲಾಗಲಿಲ್ಲ. ಸೀಟಿನಲ್ಲಿ ಕೂತ ಸಂಬಳದವನೇ ಸಿಕ್ಕಿಬೀಳುತ್ತಾನೆ.

ಇಲ್ಲಿಯ ಸೈಕಲ್ಲೇ ಬೇರೆ

ಟೆಂಪಿಯ ಕಂಪ್ಯೂಟರಿಗೆ ಚೀಲ ತೂಗುಹಾಕಿದ ಒಂದು ಸೈಕಲ್ ತಳ್ಳುವ ಮನುಷ್ಯಾಕೃತಿ ಏನೆಂದು ತಿಳಿಯಲಿಲ್ಲ. ಅದನ್ನು ನಸುಕಿನ ಐದು ಗಂಟೆಗೆ ಹುನಗುಂದದ ಕ್ರಾಸಿನಲ್ಲಿ ನಿಲ್ಲಿಸಿದರೆ ಏನಾದೀತು?

ಈ ಕಡೆ ಸೈಕಲ್ ಎಂದರೆ ಬರೀ ಸೈಕಲ್ ಅಲ್ಲ. ಎರಡೂ ಬದಿ ಹಾಲಿನ ಕ್ಯಾನು ಕಟ್ಟಿದ್ದು ಒಂದು. ಕ್ಯಾರಿಯರ್ ಮೇಲೆ ಮೇವಿನ ಹೊರೆ ಹೇರಿದ್ದು ಇನ್ನೊಂದು. ಹೊರೆಯ ಹಿಂದಿನಿಂದ ನೋಡಿದರೆ ಸೈಕಲ್ಲೂ ಕಾಣುವುದಿಲ್ಲ, ಮನುಷ್ಯನೂ ಕಾಣುವುದಿಲ್ಲ, ಹುಲ್ಲಿನ ಬಣವೆ ತಾನೇ ನಡೆದಂತೆ ಕಾಣುತ್ತದೆ. ಇಳಕಲ್ಲದ ಓಣಿಗಳಲ್ಲಿ ಸೀರೆ ಗಂಟು, ನೂಲಿನ ಚೀಲ ಹೊತ್ತ ಸೈಕಲ್. ಮುಂದಿನ ದಂಡೆಯ ಮೇಲೆ ಒಬ್ಬ ಮಗ, ಹಿಂದೆ ಇನ್ನೊಬ್ಬ ಮಗಳನ್ನು ಕೂರಿಸಿಕೊಂಡು ಸಾಲಿಗೆ ಬಿಡುವ ತಂದೆ. 2006-07ರಿಂದ ಹಲವು ವರ್ಷ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಆ ಯೋಜನೆ ನಿಂತು ವರ್ಷಗಳಾದವು. ಕೊಟ್ಟ ಸೈಕಲ್ಲುಗಳಲ್ಲಿ ಎಷ್ಟೋ ಇಂದಿಗೂ ಹೊಲದ ಹಾದಿಯಲ್ಲಿವೆ, ದೀಪವಿಲ್ಲದೆ, ಬ್ರೇಕು ಸಡಿಲಾಗಿ.

ಇನ್ನೊಂದು ಬಗೆಯ ಸೈಕಲ್ಲೂ ಇಲ್ಲಿದೆ. ಬಾಗಲಕೋಟೆ, ವಿಜಯಪುರ ಎಂದರೆ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ ಜಿಲ್ಲೆಗಳು. ಹಳ್ಳಿಯ ಬಡ ಮನೆಗಳ ಹುಡುಗ ಹುಡುಗಿಯರು ಪದಕ ತಂದಿದ್ದಾರೆ. ಅವರ ತಾಲೀಮು ಎಲ್ಲಿ ನಡೆಯುತ್ತದೆ? ಇದೇ ಹೆದ್ದಾರಿಗಳಲ್ಲಿ, ಬೆಳಗಿನ ಮಬ್ಬಿನಲ್ಲಿ, ಲಾರಿಗಳ ಬಗಲಲ್ಲಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಲಾಗಿ ಹೋಗುವ ಆ ಮಕ್ಕಳೂ ಸೈಕಲ್ಲೇ, ಐದರ ವೇಗದಲ್ಲಿ ಹುಲ್ಲು ತರುವ ಮುದುಕನದೂ ಸೈಕಲ್ಲೇ. ಯಂತ್ರ ಎರಡಕ್ಕೂ ಒಂದೇ ಲೆಕ್ಕ ಹಾಕಿದರೆ ಒಬ್ಬರಿಗಂತೂ ತಪ್ಪುತ್ತದೆ.

ಮತ್ತೆ ಎದುರು ದಿಕ್ಕಿನಿಂದ ಬರುವ ಸೈಕಲ್. ಚತುಷ್ಪಥ ಮಾಡುವಾಗ ಹೊಲ ಒಂದು ಬದಿ, ಊರು ಇನ್ನೊಂದು ಬದಿ ಆಯಿತು. ದಾಟುವ ಜಾಗ ಎಷ್ಟೋ ದೂರದಲ್ಲಿ. ಅಲ್ಲಿಗೆ ಹೋಗಿ ಸುತ್ತಿ ಬರುವ ಬದಲು ರೈತ ಡಿವೈಡರಿನ ಸಂದಿಯಲ್ಲಿ ಸೈಕಲ್ ಎತ್ತಿ ದಾಟಿಸುತ್ತಾನೆ, ಇಲ್ಲವೇ ಉಲ್ಟಾ ದಿಕ್ಕಿನಲ್ಲೇ ಬರುತ್ತಾನೆ. ಅದು ಕಾಯಿದೆಗೆ ತಪ್ಪು. ಆದರೆ ನಕ್ಷೆ ಬರೆದ ಇಂಜಿನಿಯರು ಅವನ ಹೊಲ ಎಲ್ಲಿದೆ ಎಂದು ಕೇಳಿರಲಿಲ್ಲ.

ಸಾನ್ ಫ್ರಾನ್ಸಿಸ್ಕೊದಲ್ಲಿ 2024ರ ಫೆಬ್ರುವರಿಯಲ್ಲಿ ನಡೆದ ಇನ್ನೊಂದು ಘಟನೆಯೂ ಇಲ್ಲಿ ನೆನೆಯತಕ್ಕದ್ದು. ವೇಮೊ ಕಂಪನಿಯ ಚಾಲಕನಿಲ್ಲದ ಕಾರು ಚೌಕದಲ್ಲಿ ನಿಂತಿತ್ತು. ಎದುರಿನಿಂದ ದೊಡ್ಡ ಟ್ರಕ್ಕು ಹಾದುಹೋಯಿತು. ದಾರಿ ಖಾಲಿ ಎಂದು ಕಾರು ಮುಂದೆ ಸರಿಯಿತು. ಟ್ರಕ್ಕಿನ ಬೆನ್ನಿಗೇ ಒಬ್ಬ ಸೈಕಲ್ ಸವಾರ ಬರುತ್ತಿದ್ದ. ಕಾರು ಬ್ರೇಕು ಹಾಕಿದರೂ ತಾಗಿತು. ಪುಣ್ಯಕ್ಕೆ ತರಚು ಗಾಯದಲ್ಲಿ ಮುಗಿಯಿತು. ಇದನ್ನು ಕಬ್ಬಿನ ಹಂಗಾಮಿನ ರಾತ್ರಿಗೆ ಹೊಂದಿಸಿ ನೋಡಿ. ಎರಡು ಟ್ರೇಲರ್ ಕಟ್ಟಿ, ಬದಿಗೆ ಕಬ್ಬು ಚಾಚಿಕೊಂಡು, ಹಿಂದೆ ಒಂದು ಕೆಂಪು ಪಟ್ಟಿಯೂ ಇಲ್ಲದೆ ಹೊರಟ ಟ್ರ್ಯಾಕ್ಟರಿನ ಮರೆಯಲ್ಲಿ ಸೈಕಲ್ಲಿನವನಿದ್ದಾನೆ. ಕಣ್ಣಿರುವ ಡ್ರೈವರಿಗೇ ಕಾಣದವನು ಕ್ಯಾಮರಾಕ್ಕೆ ಕಂಡಾನೆಯೆ?

ಕಾಯಿದೆ ಪುಸ್ತಕದಲ್ಲಿ ಹುಡುಕಿದರೆ

ಈಗಿರುವ ಕಾಯಿದೆ ಡ್ರೈವರನ ಸುತ್ತ ಹೆಣೆದದ್ದು. ನಿರ್ಲಕ್ಷ್ಯದಿಂದ ಸಾವು ತಂದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದ ತನಕ ಸಜೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ಹೆಚ್ಚಿಸಿದ್ದು ಸರಿ. ಆದರೆ ನಿರ್ಲಕ್ಷ್ಯ ಮಾಡಲು ಒಬ್ಬ ಮನುಷ್ಯ ಬೇಕು. ಯಂತ್ರಕ್ಕೆ ಲಕ್ಷ್ಯವೂ ಇಲ್ಲ, ನಿರ್ಲಕ್ಷ್ಯವೂ ಇಲ್ಲ.

ಪರಿಹಾರದ ಮಾತಿಗೆ ಬಂದರೆ, ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ದಾವೆ ಹೂಡಿದಾಗ ಡ್ರೈವರನ ತಪ್ಪು ತೋರಿಸಬೇಕು. ತಪ್ಪು ಸಾಬೀತಾದರೆ ಮಾಲೀಕನ ವಿಮಾ ಕಂಪನಿ ರೊಕ್ಕ ಕೊಡುತ್ತದೆ. ತಪ್ಪಿನ ಪ್ರಶ್ನೆ ಎತ್ತದೆ ಸಿಗುವ ಪರಿಹಾರವೂ ಇದೆ. 164ನೇ ಕಲಮಿನ ಪ್ರಕಾರ ಸಾವಿಗೆ 5 ಲಕ್ಷ, ಭಾರಿ ಗಾಯಕ್ಕೆ 2.5 ಲಕ್ಷ ರೂಪಾಯಿ. ಹೊಡೆದ ಗಾಡಿ ಪತ್ತೆಯೇ ಆಗದಿದ್ದರೆ 2022ರ ಏಪ್ರಿಲಿನಿಂದ ಸಾವಿಗೆ 2 ಲಕ್ಷ, ಭಾರಿ ಗಾಯಕ್ಕೆ 50 ಸಾವಿರ. ದುಡಿಯುವ ಗಂಡಸನ್ನು ಕಳೆದುಕೊಂಡ ಮನೆಗೆ ಇದು ಎಷ್ಟು ದಿನದ ಜೋಳ ಎಂದು ಲೆಕ್ಕ ಹಾಕಬಹುದು.

ಹೆಚ್ಚಿನ ಪರಿಹಾರ ಬೇಕೆಂದರೆ ತಪ್ಪಿನ ದಾವೆಗೇ ಹೋಗಬೇಕು. ಅಲ್ಲಿ ಸೈಕಲ್ಲಿನವನಿಗೆ ಮೊದಲ ಪ್ರಶ್ನೆ, ನಿನ್ನ ಸೈಕಲ್ಲಿಗೆ ದೀಪ ಇತ್ತೇ? ಯಾವ ಬದಿಗೆ ಹೋಗುತ್ತಿದ್ದೆ? ಅವನದೂ ತಪ್ಪಿದೆ ಎಂದಾದರೆ ಪರಿಹಾರ ಕಡಿತವಾಗುತ್ತದೆ. ಎದುರಿಗೆ ಕಂಪನಿ ಬಂದು ಕೂತರೆ ಆಟ ಇನ್ನೂ ಬಿಗಿ. ಕಾರಿನ ಕಂಪ್ಯೂಟರಿನಲ್ಲಿ ಏನು ಬರೆದಿತ್ತು, ಅದು ಸೈಕಲ್ಲನ್ನು ಎಷ್ಟು ಹೊತ್ತು ಮೊದಲು ಕಂಡಿತು, ಬ್ರೇಕು ಯಾಕೆ ಒತ್ತಲಿಲ್ಲ, ಈ ಸಾಕ್ಷಿಯೆಲ್ಲ ಕಂಪನಿಯ ಕಪಾಟಿನಲ್ಲೇ ಇರುತ್ತದೆ. ಸತ್ತವನ ಹೆಂಡತಿ ಅದನ್ನು ತರಿಸುವುದು ಎಲ್ಲಿಂದ? ಪಂಚನಾಮೆಗೆ ಬರುವ ಹವಾಲ್ದಾರರು ಟಾಯರಿನ ಗುರುತು ಅಳೆಯಬಲ್ಲರು. ಕಂಪ್ಯೂಟರಿನೊಳಗಿನ ಗುರುತು ಅಳೆಯುವ ಟೇಪು ಯಾವ ಠಾಣೆಯಲ್ಲಿದೆ?

ಕಂಪನಿಯನ್ನು ಹಿಡಿಯುವ ದಾರಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ದೋಷವಿರುವ ಸಾಮಾನು ಮಾಡಿದವನ ಹೊಣೆ ಎಂಬ ಅಧ್ಯಾಯ ಇದೆ. ದೋಷವಿರುವ ಗಾಡಿಗಳನ್ನು ವಾಪಸು ಕರೆಸುವ ಅಧಿಕಾರ ಮೋಟಾರು ವಾಹನ ಕಾಯಿದೆಯಲ್ಲಿದೆ. ರಸ್ತೆಯ ವಿನ್ಯಾಸವೇ ಕೆಟ್ಟು ಜೀವ ಹೋದರೆ ಗುತ್ತಿಗೆದಾರ, ಇಲಾಖೆಗಳಿಗೆ ದಂಡ ಎಂದು 198ಎ ಕಲಮು ಹೇಳುತ್ತದೆ. ಆ ದಂಡ ಹೆಚ್ಚೆಂದರೆ 1 ಲಕ್ಷ ರೂಪಾಯಿ. ಕೋಟಿ ಕೋಟಿ ಟೋಲು ಎತ್ತುವ ರಸ್ತೆಗೆ ಇದು ಚಹಾ ಖರ್ಚು.

ಬೇರೆಯವರು ಕಂಡುಕೊಂಡ ದಾರಿ

ಇಂಗ್ಲೆಂಡಿನವರು ಈ ಗಂಟನ್ನು ಬಿಡಿಸಿದ್ದಾರೆ, ಕಾಗದದ ಮೇಲಾದರೂ. 2024ರ ಮೇ ತಿಂಗಳಲ್ಲಿ ಅಂಗೀಕಾರ ಪಡೆದ ಅಲ್ಲಿನ ಕಾಯಿದೆಯ ಪ್ರಕಾರ, ಗಾಡಿ ತಾನೇ ಓಡುವಾಗ ಅದು ಹೇಗೆ ಓಡಿತು ಎಂಬುದಕ್ಕೆ ಸೀಟಿನಲ್ಲಿ ಕೂತವನ ಮೇಲೆ ಗುನ್ನೆ ಇಲ್ಲ. ಗಾಡಿಗೆ ಅನುಮತಿ ಪಡೆಯುವಾಗಲೇ ಒಂದು ಸಂಸ್ಥೆ 'ಹೊಣೆ ನನ್ನದು' ಎಂದು ಹೆಸರು ಬರೆಸಿರಬೇಕು. ಜರ್ಮನಿ 2021ರಲ್ಲಿ ಮಾಡಿದ ಕಾಯಿದೆಯಲ್ಲಿ ಚಾಲಕನಿಲ್ಲದ ಗಾಡಿಯ ಮೇಲೆ ದೂರದಿಂದ ನಿಗಾ ಇಡಲು ಒಬ್ಬ ತಾಂತ್ರಿಕ ಮೇಲ್ವಿಚಾರಕ ಬೇಕೇ ಬೇಕು. ಎರಡರ ತಿರುಳು ಒಂದೇ. ಅಪಘಾತ ಆದ ಮೇಲೆ ಹೆಸರು ಹುಡುಕುವುದಲ್ಲ, ಗಾಡಿ ರಸ್ತೆಗಿಳಿಯುವ ಮೊದಲೇ ಹೆಸರು ಬರೆದಿಡುವುದು.

ಕಡಿವಾಣ ಇದ್ದರೆ ಕೆಲಸ ಆಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2023ರ ಅಕ್ಟೋಬರ್ 2ರಂದು ಸಾನ್ ಫ್ರಾನ್ಸಿಸ್ಕೊದಲ್ಲಿ ಬೇರೊಂದು ಕಾರು ಹೊಡೆದು ಬೀಳಿಸಿದ ಹೆಂಗಸನ್ನು ಕ್ರೂಸ್ ಕಂಪನಿಯ ಚಾಲಕನಿಲ್ಲದ ಕಾರು ತನ್ನಡಿ ಸಿಕ್ಕಿಸಿಕೊಂಡು ಸುಮಾರು 20 ಅಡಿ ಎಳೆದೊಯ್ದಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆ ಕಂಪನಿಯ ಪರವಾನಗಿ ಅಮಾನತು ಮಾಡಿತು. 2024ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ವ್ಯವಹಾರಕ್ಕೆ ರೊಕ್ಕ ಹಾಕುವುದನ್ನೇ ನಿಲ್ಲಿಸಿತು. ಪರವಾನಗಿ ಕೊಟ್ಟ ಕೈಗೆ ಕಸಿದುಕೊಳ್ಳುವ ಧೈರ್ಯವೂ ಇದ್ದರೆ ಕಂಪನಿಗಳು ಬಗ್ಗುತ್ತವೆ.

ಯಂತ್ರದ ಪರವಾಗಿ ಹೇಳುವ ಮಾತನ್ನೂ ತಳ್ಳಿಹಾಕುವಂತಿಲ್ಲ. ಯಂತ್ರ ಕುಡಿಯುವುದಿಲ್ಲ. ಢಾಬಾದಲ್ಲಿ ಉಂಡು ತೂಕಡಿಸುವುದಿಲ್ಲ. ಮೊಬೈಲಿನಲ್ಲಿ ಮಾತಾಡುತ್ತ ಓಡಿಸುವುದಿಲ್ಲ. ಹೊಡೆದು ಓಡಿಹೋಗುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಕಾಲ್ನಡಿಗೆಯವರೇ 32,825. ಇವರನ್ನೆಲ್ಲ ಕೊಂದದ್ದು ಕಂಪ್ಯೂಟರ್ ಅಲ್ಲ. ತಾನೇ ಬ್ರೇಕು ಹಾಕುವ ಲಾರಿಯೊಂದು ಇಳಕಲ್ಲದ ಹತ್ತಿರ ಒಬ್ಬ ಸೈಕಲ್ಲಿನವನ ಜೀವ ಉಳಿಸಿದರೂ ಅದಕ್ಕೆ ಕೈ ಮುಗಿಯಬೇಕು. ಆದ್ದರಿಂದ ಯಂತ್ರ ಬೇಕೋ ಬೇಡವೋ ಎಂಬುದು ಇಲ್ಲಿಯ ತಕರಾರಲ್ಲ. ಹೊಣೆಗಾರನ ಹೆಸರಿಲ್ಲದ ಯಂತ್ರ ಬೇಡ ಎಂಬುದು ತಕರಾರು.

ಈಗಲೇ ಕೇಳಬೇಕಾದದ್ದು

ಕಾಯಿದೆ ದಿಲ್ಲಿಯಲ್ಲಾಗುತ್ತದೆ, ಬಾಗಲಕೋಟೆಯಲ್ಲಿ ಕೂತು ಮಾಡುವುದೇನು ಎಂದು ಕೈಕಟ್ಟಿ ಕೂಡಬೇಕಿಲ್ಲ. 2019ರ ತಿದ್ದುಪಡಿಯ 138(1ಎ) ಕಲಮಿನಲ್ಲಿ ಸೈಕಲ್ಲಿನಂಥ ಯಂತ್ರವಿಲ್ಲದ ವಾಹನಗಳು ಮತ್ತು ಕಾಲ್ನಡಿಗೆಯವರ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೇ ಕೊಟ್ಟಿದ್ದಾರೆ. ಆ ನಿಯಮಗಳನ್ನು ಆರು ತಿಂಗಳೊಳಗೆ ಮಾಡಿ ಎಂದು 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. ಜಿಲ್ಲೆಯ ಶಾಸಕರು ವಿಧಾನಸಭೆಯಲ್ಲಿ ಎದ್ದು ನಿಂತು ಅದರ ಗತಿ ಏನಾಯಿತು, ಅದರಲ್ಲಿ ಸೈಕಲ್ಲಿನವನಿಗೆ ಸಿಕ್ಕ ಹಕ್ಕು ಯಾವುದು ಎಂದು ಕೇಳಬಹುದು. ಇದಕ್ಕೆ ಕಂಪ್ಯೂಟರ್ ಜ್ಞಾನ ಬೇಕಿಲ್ಲ.

ಯಂತ್ರದ ಗಾಡಿಯ ಮಟ್ಟಿಗೆ ಕೇಳಬೇಕಾದದ್ದು ಮೂರು ಮಾತು. ಒಂದು, ಅರ್ಧ ತಾನೇ ಓಡುವ ಗಾಡಿಯಿಂದ ಅಪಘಾತವಾದರೆ ಆ ಹೊತ್ತಿಗೆ ಓಡಿಸುತ್ತಿದ್ದದ್ದು ಮನುಷ್ಯನೋ ಯಂತ್ರವೋ ಎಂಬ ದಾಖಲೆಯನ್ನು ಕಂಪನಿ ಕೂಡಲೇ ಠಾಣೆಗೆ ಕೊಡಬೇಕು, ಪ್ರತಿ ಸಂತ್ರಸ್ತರ ಕೈಗೂ ಸೇರಬೇಕು. ಎರಡು, ಪರೀಕ್ಷೆಗೆಂದು ಚಾಲಕನಿಲ್ಲದ ಗಾಡಿಯನ್ನು ಯಾವ ಹೆದ್ದಾರಿಯಲ್ಲಿ ಬಿಟ್ಟರೂ ಆ ಜಿಲ್ಲೆಯ ಜಿಲ್ಲಾಧಿಕಾರಿಗೂ ರಸ್ತೆ ಬದಿಯ ಊರುಗಳಿಗೂ ಮೊದಲೇ ತಿಳಿಸಬೇಕು. ಟೆಂಪಿಯ ಆ ಹೆಂಗಸನ್ನು ಪರೀಕ್ಷೆಗೆ ಒಪ್ಪಿಗೆಯೇ ಎಂದು ಯಾರೂ ಕೇಳಿರಲಿಲ್ಲ. ಮೂರು, ಹೊಣೆ ಹೊರುವ ಸಂಸ್ಥೆಯ ಹೆಸರು ಗಾಡಿಯ ಆರ್.ಸಿ. ಪುಸ್ತಕದಲ್ಲೇ ಇರಬೇಕು.

ಇನ್ನು ಯಂತ್ರ ಬರಲಿ ಬಿಡಲಿ, ಇವತ್ತೇ ಆಗಬೇಕಾದ ಕೆಲಸಗಳಿವೆ. ಹುನಗುಂದದಿಂದ ಒಂದು ಬದಿ ವಿಜಯಪುರಕ್ಕೆ, ಇನ್ನೊಂದು ಬದಿ ಹೊಸಪೇಟೆಗೆ ಹೋಗುವ ಹೆದ್ದಾರಿ ಎರಡು ಬೇರೆ ಬೇರೆ ಗುತ್ತಿಗೆಯಲ್ಲಿ ಆದದ್ದು. ಯಾವ ಕಿಲೋಮೀಟರ್ ಯಾರ ಹೊಣೆ, ಡಿವೈಡರ್ ಒಡೆದ ಜಾಗಕ್ಕೆ ಯಾರನ್ನು ಕೇಳಬೇಕು ಎಂಬ ಬೋರ್ಡು ಪ್ರತಿ ಹಳ್ಳಿಯ ಕ್ರಾಸಿನಲ್ಲಿ ಕನ್ನಡದಲ್ಲಿ ಬರಲಿ. ಹಂಗಾಮು ಶುರುವಾಗುವ ಮೊದಲು ಕಬ್ಬಿನ ಟ್ರೇಲರುಗಳಿಗೆ ಹೊಳೆಯುವ ಪಟ್ಟಿ ಬೀಳಲಿ. ಪಟ್ಟಿ ಇಲ್ಲದ ಟ್ರೇಲರನ್ನು ಕಾರ್ಖಾನೆಯ ಗೇಟಿನಲ್ಲೇ ತೂಕಕ್ಕೆ ತೆಗೆದುಕೊಳ್ಳದಿದ್ದರೆ ಒಂದೇ ವಾರದಲ್ಲಿ ಎಲ್ಲರೂ ಅಂಟಿಸಿಕೊಳ್ಳುತ್ತಾರೆ. ಬಾದಾಮಿಯಲ್ಲಿ ಬನಶಂಕರಿ ಜಾತ್ರೆಗೆ ನಡೆದು ಹೋಗುವ, ಚಕ್ಕಡಿ ಕಟ್ಟಿಕೊಂಡು ಹೋಗುವ ಮಂದಿಗೆ ರಸ್ತೆಯ ಅಂಚಿನಲ್ಲಿ ಕಾಲಿಡುವಷ್ಟು ಜಾಗವಿರಲಿ. ತಾಲೀಮಿಗೆ ಹೋಗುವ ಸೈಕಲ್ ಮಕ್ಕಳಿಗೆ ಬೆಳಗಿನ ಒಂದೆರಡು ತಾಸು ಸರ್ವಿಸ್ ರಸ್ತೆಯನ್ನಾದರೂ ಖಾಲಿ ಬಿಡಿಸಲಿ.

ಮನುಷ್ಯ ಓಡಿಸುವ ಗಾಡಿಯ ಹಿಂದಿರುವ ಮಾಲೀಕನನ್ನು, ಗುತ್ತಿಗೆದಾರನನ್ನು, ಅಧಿಕಾರಿಯನ್ನು ಹಿಡಿಯಲು ಕಲಿಯದ ವ್ಯವಸ್ಥೆ ನಾಳೆ ಯಂತ್ರದ ಹಿಂದಿರುವ ಕಂಪನಿಯನ್ನು ಹಿಡಿದೀತು ಎಂದು ನಂಬುವುದು ಕಷ್ಟ. ಆ ಪಾಠ ಕಬ್ಬಿನ ಟ್ರೇಲರಿನಿಂದಲೇ ಶುರುವಾಗಬೇಕು.

ಅಲ್ಲಿಯವರೆಗೆ ಹುನಗುಂದದ ಕ್ರಾಸಿನಲ್ಲಿ ನಸುಕಿನಲ್ಲಿ ಹಾಲು ಹೊತ್ತು ದಾಟುವವನು ಎರಡೂ ಬದಿ ನೋಡಿ, ದೇವರ ಹೆಸರು ಹೇಳಿ ದಾಟುತ್ತಾನೆ. ಅವನಿಗೇನಾದರೂ ಆದರೆ ಠಾಣೆಯಲ್ಲಿ ಅದೇ ಹಳೆಯ ವಾಕ್ಯ ಬರೆಯುತ್ತಾರೆ. ಅದರ ಮೊದಲ ಶಬ್ದದ ಜಾಗ ಖಾಲಿ ಉಳಿಯುವ ದಿನ ಬರುವ ಮುಂಚೆ, ಅಲ್ಲಿ ಯಾರ ಹೆಸರು ಬರೆಯಬೇಕು ಎಂದು ದಿಲ್ಲಿ, ಬೆಂಗಳೂರುಗಳು ಹೇಳಿಬಿಡಲಿ. ಹವಾಲ್ದಾರರು ಪೆನ್ನು ಹಿಡಿದು ಕಾಯುತ್ತಾರೆ. ಹೆಣ ಕಾಯುವುದಿಲ್ಲ.